ರಾಗಿಯ ಬೀರಿಗೆ ಯಾವ ಪಾತ್ರೆ?

ಬೀರಿನ ಉಸಾಬರಿ ನಿನಗೇಕೆ ಎಂದು ನಮ್ಮ ಮನೆಯಲ್ಲೇ ಕೇಳಿದವರಿದ್ದಾರೆ. ನನಗೆ ಬೀರಿನ ಉಸಾಬರಿ ಅಷ್ಟಾಗಿ ಇಲ್ಲ. ಪಾತ್ರೆಯ ಉಸಾಬರಿ ಇದೆ. ಪಾತ್ರೆ ತೊಳೆಯುವುದರಲ್ಲೇ ಅರ್ಧ ಆಯುಷ್ಯ ಕಳೆದ ಹೆಂಗಸಿಗೆ, ಯಾವ ಪಾತ್ರೆ ಕೆಲಸಕ್ಕೆ ಒದಗುತ್ತದೆ, ಯಾವುದು ಬರಿಯ ಶೋಕಿಗೆ ಷೋಕೇಸಿನಲ್ಲಿ ಕುಳಿತಿದೆ ಎಂದು ಹೇಳುವ ಹಕ್ಕು ಇದ್ದೇ ಇದೆ. ವಿಮರ್ಶಕರು ಕಾವ್ಯವನ್ನು ತೂಗಿ ನೋಡುವ ಹಾಗೆ ನಾನಿಲ್ಲಿ ಒಂದು ಕುಡಿಯುವ ಪಾತ್ರೆಯನ್ನು ತೂಗಿ ನೋಡಲು ಹೊರಟಿದ್ದೇನೆ. ಅದರ ಹೆಸರು ತೋಂಗ್ಬಾ.

ನಮ್ಮವರದು ಬ್ಯಾಂಕಿನ ನೌಕರಿ. 1993ರಲ್ಲಿ ಗ್ಯಾಂಗ್‌ಟಾಕಿಗೆ ವರ್ಗವಾದಾಗ ಹಾಸನದ ನಮ್ಮ ಬಳಗವೆಲ್ಲ ಚಂದ್ರಲೋಕಕ್ಕೆ ಕಳಿಸುವವರಂತೆ ಉಪ್ಪಿನಕಾಯಿ, ಸಾರಿನಪುಡಿ, ಹುರಿಹಿಟ್ಟು ಎಂದು ಕಟ್ಟಿಕೊಟ್ಟಿದ್ದರು. ಅಲ್ಲಿ ರಾಗಿ ಎಲ್ಲಿ ಸಿಗಬೇಕು ಎಂದು ಅತ್ತೆಯವರು ಐದು ಸೇರು ರಾಗಿಹಿಟ್ಟನ್ನೂ ತುಂಬಿಸಿದ್ದರು. ಹೋಗಿ ನೋಡಿದರೆ ಲಾಲ್ ಬಜಾರಿನಲ್ಲಿ ರಾಗಿ ಚೀಲ ಚೀಲ! ನೇಪಾಳಿ ಭಾಷೆಯಲ್ಲಿ ಅದಕ್ಕೆ ಕೋದೋ ಎಂದು ಹೆಸರು. (ಹಿಂದಿಯಲ್ಲಿ ಕೋದೋ ಎಂದರೆ ಹಾರಕ. ಹಿಂದಿ ಬಲ್ಲವರು ಅಲ್ಲಿ ಎಡವುವುದು ಸಹಜ.) ನಮ್ಮ ಮನೆಯೊಡತಿ ಲಿಂಬೂ ಜನಾಂಗದವರು. ನಾನು ಅವರನ್ನು ದೀದಿ ಎನ್ನುತ್ತಿದ್ದೆ, ಅವರು ನನ್ನನ್ನು ಬಹಿನಿ ಎನ್ನುತ್ತಿದ್ದರು. “ಇಷ್ಟೊಂದು ಕೋದೋ ತಂದಿದ್ದೀರಲ್ಲ ದೀದಿ, ಏನು ಮಾಡುತ್ತೀರಿ?” ಎಂದು ಕೇಳಿದ್ದಕ್ಕೆ ಅವರು ನಕ್ಕು, “ಕುಡಿಯುತ್ತೇವೆ ಬಹಿನಿ” ಎಂದರು.

ರಾಗಿಯನ್ನು ಬೀಸದೆ ಇಡಿಯಾಗಿ ಬೇಯಿಸುವುದನ್ನು ನಾನು ನೋಡಿದ್ದು ಅವರ ಒಲೆಯ ಮೇಲೆಯೇ. ತೊಳೆದ ರಾಗಿಯನ್ನು ಅರ್ಧ ಗಂಟೆಯಷ್ಟು ಬೇಯಿಸಿ, ನೀರು ಬಸಿದು, ಬಿದಿರಿನ ಚಾಪೆಯ ಮೇಲೆ ಹರವಿ ಆರಿಸುತ್ತಾರೆ. ಅದರ ಮೇಲೆ ಮರ್ಚಾದ ಪುಡಿ ಉದುರಿಸಿ ಕಲೆಸುತ್ತಾರೆ. ಮರ್ಚಾ ಎಂದರೆ ಹೆಪ್ಪು. ನೆನೆಸಿದ ಅಕ್ಕಿಯನ್ನು ಶುಂಠಿ, ಒಣಮೆಣಸಿನಕಾಯಿ ಮತ್ತು ಕೆಲವು ಗಿಡಮೂಲಿಕೆಗಳ ಜೊತೆ ಕುಟ್ಟಿ, ಬಿಲ್ಲೆ ತಟ್ಟಿ, ಒಣಗಿಸಿಟ್ಟ ಗಟ್ಟಿ ವಡೆಯಂಥದು. ಆ ಮೂಲಿಕೆಗಳಲ್ಲಿ ನಮ್ಮ ಅಜ್ಜಿಯರ ಔಷಧದ ಡಬ್ಬಿಯಲ್ಲಿದ್ದ ಚಿತ್ರಮೂಲವೂ ಒಂದು. ಹೆಪ್ಪು ಕಲೆಸಿದ ರಾಗಿಯನ್ನು ಎಲೆ ಹಾಸಿದ ಬಿದಿರು ಬುಟ್ಟಿಯಲ್ಲಿ ಎರಡು ಮೂರು ದಿನ ಬೆಚ್ಚಗಿಟ್ಟು, ಆಮೇಲೆ ಮಡಕೆಗೆ ತುಂಬಿ, ಗಾಳಿಯಾಡದಂತೆ ಬಾಯಿ ಕಟ್ಟಿ ಬೇಸಿಗೆಯಾದರೆ ಮೂರು ನಾಲ್ಕು ದಿನ, ಚಳಿಯಾದರೆ ವಾರದವರೆಗೂ ಬಿಡುತ್ತಾರೆ. ಧಾನ್ಯದ ಪಿಷ್ಟ ಸಕ್ಕರೆಯಾಗಿ, ಸಕ್ಕರೆ ಅಮಲಾಗುವುದೇ ಬೀರು. ಬಾರ್ಲಿಯ ಬೀರಿನವರು ಈ ಕೆಲಸಕ್ಕೆ ಕಾಳನ್ನು ಮೊಳಕೆ ಬರಿಸುತ್ತಾರೆ, ನಾವು ಮಕ್ಕಳಿಗೆ ರಾಗಿ ಮಾಲ್ಟ್ ಮಾಡುವಾಗ ಮಾಡುವ ಹಾಗೆಯೇ. ಬೆಟ್ಟದವರು ಅದನ್ನು ಹೆಪ್ಪಿನಿಂದ ಮಾಡಿಸಿಕೊಳ್ಳುತ್ತಾರೆ. ಇದಕ್ಕೆ ನೇಪಾಳಿಯಲ್ಲಿ ಜಾಂಡ್, ಟಿಬೆಟಿನ ಕಡೆಯವರಲ್ಲಿ ಛಾಂಗ್ ಎಂದು ಹೆಸರು. ಬಾಣಂತಿಗೆ ಮೈ ಕೂಡಿಕೊಳ್ಳಲೆಂದು ಕೊಡುವ ರೂಢಿಯೂ ಅಲ್ಲಿತ್ತು. ಅದು ಸರಿ ಎಂದು ನಾನು ಹೇಳುತ್ತಿಲ್ಲ, ಡಾಕ್ಟರರು ಒಪ್ಪುವ ಮಾತೂ ಅಲ್ಲ. ಮನೆಯ ಹೆಂಗಸರ ಕೈಯಲ್ಲಿ ಇದಕ್ಕೆ ಯಾವ ಸ್ಥಾನವಿತ್ತು ಎಂಬುದಕ್ಕೆ ಹೇಳಿದೆ.

ಈಗ ಪಾತ್ರೆಗೆ ಬರೋಣ. ಮಡಕೆಯಿಂದ ತೆಗೆದಾಗ ಇದು ಪಾನೀಯವಲ್ಲ, ಒದ್ದೆಯಾದ ಕೆಂಗಂದು ಕಾಳು. ಅದನ್ನು ಒಂದು ಗೇಣು ಎತ್ತರದ ಬಿದಿರಿನ ಅಥವಾ ಮರದ ಅಂಡೆಗೆ ಮುಕ್ಕಾಲು ಪಾಲು ತುಂಬಿ, ಮೇಲೆ ಬಿಸಿನೀರು ಹೊಯ್ದು, ಮುಚ್ಚಳ ಹಾಕಿ ಐದು ಹತ್ತು ನಿಮಿಷ ಬಿಡಬೇಕು. ಮುಚ್ಚಳದ ನಡುವಿನ ತೂತಿನಿಂದ ಒಂದು ಸಣ್ಣ ಬಿದಿರಿನ ಕೊಳವೆ ಇಳಿಬಿಟ್ಟಿರುತ್ತದೆ. ಅದಕ್ಕೆ ಪಿಪ್‌ಸಿಂಗ್ ಎನ್ನುತ್ತಾರೆ. ಕೊಳವೆಯ ತಳ ಬಿದಿರಿನ ಗಿಣ್ಣಿನಿಂದಲೇ ಮುಚ್ಚಿಕೊಂಡಿರುತ್ತದೆ. ಗಿಣ್ಣಿನ ಮೇಲೆ ಪಕ್ಕದಲ್ಲಿ ಸಣ್ಣ ಸೀಳು. ರಾಗಿಕಾಳು ಆ ಸೀಳಿನಲ್ಲಿ ತೂರಲಾರದು, ರಸ ಮಾತ್ರ ಬರುತ್ತದೆ. ಹೀರಿ ಮುಗಿದ ಮೇಲೆ ಮತ್ತೆ ಬಿಸಿನೀರು. ಹೀಗೆ ಮೂರು ನಾಲ್ಕು ಸಲ, ರುಚಿ ತೆಳ್ಳಗಾಗುವವರೆಗೆ. ಈ ಅಂಡೆಯ ಹೆಸರೇ ತೋಂಗ್ಬಾ. ಪಾತ್ರೆಯ ಹೆಸರೇ ಪಾನೀಯಕ್ಕೂ ನಿಂತುಬಿಟ್ಟಿದೆ; “ಒಂದು ತೋಂಗ್ಬಾ ಕೊಡಿ” ಎಂದರೆ ಎರಡೂ ಬರುತ್ತವೆ. ನಮ್ಮಲ್ಲಿ ಇಂಥ ಗೌರವ ಪಡೆದ ಪಾತ್ರೆ ಯಾವುದಿದೆ ಎಂದು ಯೋಚಿಸಿದೆ. ಹಸುಗೂಸಿಗೆ ಹಾಲು ಕುಡಿಸುವ ಒಳಲೆ ನೆನಪಾಯಿತು. ಒಂದೇ ಕೆಲಸಕ್ಕೆ ಹುಟ್ಟಿ, ಆ ಕೆಲಸವನ್ನು ಪೂರ್ತಿ ಬಲ್ಲ ಪಾತ್ರೆ ಅದು. ಆದರೆ ಒಳಲೆಯ ಹಾಲನ್ನು ಯಾರೂ ಒಳಲೆ ಎನ್ನುವುದಿಲ್ಲ.

ನೀನು ಕುಡಿದೆಯಾ ಎಂದು ಕೇಳುವಿರಿ. ಕುಡಿದೆ. ಜನವರಿಯ ಚಳಿ, ಕರೆಂಟಿಲ್ಲದ ಸಂಜೆ, ಎರಡು ಅಂಗೈ ನಡುವೆ ಬೆಚ್ಚಗಿನ ಬಿದಿರು. ಹುಳಿಯಂಬಲಿಗೆ ಒಂದಿಷ್ಟು ಸಿಹಿ, ಒಂದಿಷ್ಟು ಹೊಗೆ ಸೇರಿಸಿದ ಹಾಗಿತ್ತು. ನಮ್ಮವರು ಮುಖ ಹಿಂಡಿದರು. ನನಗೆ ಹಿಡಿಸಿತು.

ಸರಿ, ಇದನ್ನು ಗಾಜಿನ ಲೋಟಕ್ಕೆ ಸೋಸಿಕೊಟ್ಟರೆ ಏನಾಗುತ್ತದೆ? ಬೀರು ಎಂದರೆ ಗಾಜಿನ ಲೋಟ ಎಂದು ಸಿನಿಮಾ ನೋಡಿದ ನಮಗೆಲ್ಲ ಗೊತ್ತು. ಆದರೆ ಬೀರಿಗೂ ಗಾಜಿಗೂ ನಂಟು ಬೆಳೆದದ್ದು ಬಹಳ ಹಿಂದೇನಲ್ಲ. ಯೂರೋಪಿನ ಸಾಮಾನ್ಯ ಜನ ಬಹುಕಾಲ ಬೀರು ಕುಡಿದದ್ದು ಸುಟ್ಟ ಮಣ್ಣಿನ, ಮರದ, ತವರಮಿಶ್ರದ ಮಗ್ಗುಗಳಲ್ಲಿ. ಒಳಗೆ ಬಗ್ಗಡವಿದೆಯೋ ತಿಳಿಯಿದೆಯೋ ಯಾರಿಗೂ ಕಾಣುತ್ತಿರಲಿಲ್ಲ. 1842ರಲ್ಲಿ ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ ಹೊಂಬಣ್ಣದ ತಿಳಿಯಾದ ಬೀರು ತಯಾರಾಯಿತು. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿದ್ದ ಸುಂಕ ರದ್ದಾಯಿತು. ಅಚ್ಚಿನ ಗಾಜು ಅಗ್ಗವಾಗುತ್ತ ಬಂತು. ತೋರಿಸಿಕೊಳ್ಳುವಂಥ ಬೀರೂ ತೋರಿಸುವಂಥ ಪಾತ್ರೆಯೂ ಒಟ್ಟಿಗೇ ಒದಗಿ ಬಂದವು. ಅಂದಿನಿಂದ ಬೀರನ್ನು ನಾಲಿಗೆಗಿಂತ ಮೊದಲು ಕಣ್ಣು ಪರೀಕ್ಷೆ ಮಾಡತೊಡಗಿತು. ಜೊತೆಗೆ ಗಾಜಿನ ಲೋಟ ಅಳತೆಯ ಪಾತ್ರೆ. ಇಂಗ್ಲೆಂಡಿನ ಪೈಂಟ್ ಲೋಟ 568 ಮಿಲಿಲೀಟರ್. ಅದರ ಮೇಲೆ ಸರ್ಕಾರದ ಮುದ್ರೆ. ಜರ್ಮನಿಯ ಲೋಟದ ಮೇಲೆ ಇಲ್ಲಿಯವರೆಗೆ ತುಂಬಿರಬೇಕು ಎಂಬ ಗೆರೆ. ಕೊಟ್ಟ ಕಾಸಿಗೆ ಸರಿಯಾಗಿ ಸಿಕ್ಕಿತೇ ಎಂದು ಗಿರಾಕಿ ನೋಡಿಕೊಳ್ಳಲು ಬಲು ಅನುಕೂಲ.

ಅಂದರೆ ಬೀರಿನ ಗಾಜು ಅಂಗಡಿಯ ಪಾತ್ರೆ, ಮನೆಯದಲ್ಲ. ನೆಂಟರಿಗೆ ಬಡಿಸಿದ್ದನ್ನು ಅಳೆದು ನೋಡುವವರುಂಟೇ? ಮನೆಯಲ್ಲಿ ಮಾಡಿದ ಬೀರು, ಅದು ಲಂಡನ್ನಿನದಾಗಲಿ ಲಿಂಬೂಗಳದಾಗಲಿ, ಸಾಮಾನ್ಯವಾಗಿ ಮಬ್ಬಾಗಿರುತ್ತದೆ, ತಳದಲ್ಲಿ ಗಸಿ ಕೂತಿರುತ್ತದೆ. ಕಾರ್ಖಾನೆಯ ಸೋಸುವ ಯಂತ್ರ ಮನೆಯಲ್ಲಿರುವುದಿಲ್ಲ. ಅದನ್ನು ಗಾಜಿಗೆ ಹೊಯ್ದರೆ ಮೊದಲು ಕಾಣುವುದು ಅದರಲ್ಲಿ ಇಲ್ಲದ ಗುಣ. ರಾಗಿಯ ರಸವಂತೂ ಗಾಜಿನಲ್ಲಿ ಪಾತ್ರೆ ಅಲುಬಿದ ನೀರಿನಂತೆ ಕಾಣುತ್ತದೆ. ಅಂಬಲಿಯನ್ನು ಯಾರಾದರೂ ಗಾಜಿನ ಲೋಟದಲ್ಲಿ ಕೊಡುತ್ತಾರೆಯೇ!

ಹೀಗೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಎರಡನೆಯ ವರ್ಷ ಬಯಲುಸೀಮೆಯಿಂದ ಬಂದ ಒಬ್ಬ ದೊಡ್ಡ ಅಧಿಕಾರಿ, ಅವರ ಶ್ರೀಮತಿ ದೀದಿಯ ಮನೆಗೆ ಅತಿಥಿಗಳು. ಊರಿನ ವಿಶೇಷ ರುಚಿ ನೋಡಬೇಕೆಂದು ಅವರೇ ಕೇಳಿದ್ದರು. ದೀದಿ ಕಪಾಟಿನಿಂದ ತಮ್ಮ ಅತ್ತೆಯ ಕಾಲದ ಹಿತ್ತಾಳೆಪಟ್ಟಿಯ ತೋಂಗ್ಬಾ ತೆಗೆದು ಒರೆಸುತ್ತಿದ್ದರು. ಆ ಶ್ರೀಮತಿ ನನ್ನ ಕಡೆ ಬಗ್ಗಿ ಮೆಲ್ಲಗೆ, “ಈ ಕೊಳವೆ ಎಷ್ಟು ಜನರ ಬಾಯಿಗೆ ಹೋಗಿದೆಯೋ, ಗ್ಲಾಸಿನಲ್ಲಿ ಕೊಡಲು ಹೇಳಿ” ಎಂದರು. ನಾನು ಹೇಳುವ ಅಗತ್ಯ ಬೀಳಲಿಲ್ಲ. ದೀದಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅವರು ತೋಂಗ್ಬಾ ಒಳಗಿಟ್ಟು, ರಾಗಿಯನ್ನು ಬಿಸಿನೀರಿನಲ್ಲಿ ಹಿಸುಕಿ, ಟೀ ಸೋಸುವ ಜರಡಿಯಲ್ಲಿ ಸೋಸಿ, ಗಾಜಿನ ಲೋಟಗಳಲ್ಲಿ ತಂದಿಟ್ಟರು. ಲೋಟದ ಬಣ್ಣ ನೋಡಿಯೇ ಇಬ್ಬರಿಗೂ ಸಾಕಾಯಿತು. ಎರಡು ಗುಟುಕು ಕುಡಿದು, “ಇಂಟರೆಸ್ಟಿಂಗ್” ಎಂದು ಹೇಳಿ ಹೋದರು. ಆ ಕೊಳವೆ ಅಂದಿಗೆ ಯಾರ ಬಾಯಿಗೂ ಹೋಗದ ಹೊಸ ಕೊಳವೆ. ದೀದಿ ಹಿಂದಿನ ದಿನವಷ್ಟೇ ಬಜಾರಿನಿಂದ ತಂದಿದ್ದರು.

ಇದು ಬರಿಯ ಶುಚಿಯ ಪ್ರಶ್ನೆಯಲ್ಲ ಎಂದು ನಮ್ಮ ಕಡೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹಳ್ಳಿಯ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟ, ಹೊಲದ ಆಳಿಗೆ ತೆಂಗಿನ ಚಿಪ್ಪಿನಲ್ಲಿ ನೀರು ಹೊಯ್ದ ನಾಡು ನಮ್ಮದು. ಯಾರು ಯಾವುದರಲ್ಲಿ ಕುಡಿಯಬೇಕು ಎಂಬುದೇ ಯಾರು ಯಾರೆಂದು ಹೇಳುತ್ತಿತ್ತು. ನೇಪಾಳದಲ್ಲಿ 1854ರ ಮುಲುಕಿ ಐನ್ ಎಂಬ ಕಾನೂನು ಇದನ್ನು ಕಾಗದದ ಮೇಲೇ ಬರೆಯಿತು. ಜನಿವಾರದವರು ಮೇಲಿನ ಮೆಟ್ಟಿಲು. ಅವರ ಕೆಳಗೆ ‘ಮತವಾಲಿ’ಗಳು, ಅಂದರೆ ಕುಡಿಯುವವರು. ಅವರಲ್ಲೂ ಗುಲಾಮರನ್ನಾಗಿ ಮಾಡಬಹುದಾದವರು, ಮಾಡಬಾರದವರು ಎಂಬ ವಿಂಗಡಣೆ! ಅಜ್ಜಿ ಮಾಡುತ್ತಿದ್ದ ರಾಗಿಯ ಹೆಪ್ಪು ಇಡೀ ಜನಾಂಗಗಳಿಗೆ ಜಾತಿಯ ಹೆಸರಾಗಿ ಅಂಟಿಕೊಂಡಿತು. 1963ರ ಹೊಸ ಸಂಹಿತೆ ಆ ಮೆಟ್ಟಿಲುಗಳನ್ನು ಕಾನೂನಿನಿಂದ ತೆಗೆದುಹಾಕಿತು. ಸಿಕ್ಕಿಂ ಆ ಕಾನೂನಿಗೆ ಒಳಪಟ್ಟ ಸೀಮೆಯಲ್ಲ. ಆದರೆ ಅಂಥ ಪದಗಳು ಜನರ ಜೊತೆ ಬೆಟ್ಟ ದಾಟದೆ ಇರುತ್ತವೆಯೇ? ಅತ್ತೆಯ ತೋಂಗ್ಬಾವನ್ನು ಮರಳಿ ಕಪಾಟಿಗಿಟ್ಟ ದೀದಿಯ ಮುಖ ನೋಡಿದ್ದರಿಂದ ಈ ಮಾತು ಬರೆಯುತ್ತಿದ್ದೇನೆ.

ವಿಚಿತ್ರವೆಂದರೆ ಎಂಜಲಿನ ಭಯಕ್ಕೆ ಈ ಪಾತ್ರೆಯಲ್ಲೇ ಉತ್ತರವಿದೆ. ನಾವು ಎಂಜಲು ತಪ್ಪಿಸಲು ಲೋಟವನ್ನು ಎತ್ತಿ ಕುಡಿಯುತ್ತೇವೆ. ಅದಕ್ಕೆಂದೇ ಕಾಫಿ ಲೋಟದ ಕಂಠ ಹೊರಕ್ಕೆ ಬಾಗಿರುತ್ತದೆ, ತುಟಿಗೆ ತಾಗದೆ ಧಾರೆ ಬಾಯಿಗೇ ಬೀಳಲಿ ಎಂದು. ಲೋಟ ಎಲ್ಲರದೂ, ತುಟಿ ಮಾತ್ರ ತಾಗಬಾರದು. ಬೆಟ್ಟದವರ ಲೆಕ್ಕ ಬೇರೆ. ಅಲ್ಲಿ ತುಟಿಗೆ ಕೊಳವೆ ಇಡೀ ಸಂಜೆ ತಾಗಿಕೊಂಡೇ ಇರುತ್ತದೆ, ಆದರೆ ಒಬ್ಬರಿಗೆ ಒಂದು ತೋಂಗ್ಬಾ, ಒಂದು ಕೊಳವೆ. ನನ್ನದು ನನ್ನದೇ. ಎರಡರಲ್ಲಿ ಯಾವುದು ಹೆಚ್ಚು ಮಡಿ ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ; ಎತ್ತಿ ಕುಡಿಯುವವರು ನಗಲಾರರು, ಮಾತಾಡಲಾರರು, ಅದಷ್ಟು ನಿಜ.

ಇನ್ನು ತೋಂಗ್ಬಾಗಳಲ್ಲೇ ಯಾವುದು ಒಳ್ಳೆಯದು ಎಂಬ ಪ್ರಶ್ನೆ. ಈಗ ಬಿದಿರಲ್ಲದೆ ಅಲ್ಯೂಮಿನಿಯಮ್ಮು, ಸ್ಟೀಲು, ಪ್ಲಾಸ್ಟಿಕ್ಕಿನವೂ ಬಂದಿವೆ. ಸ್ಟೀಲು ತೊಳೆಯಲು ಸುಲಭ ಎಂದು ನಮ್ಮ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಆದರೆ ಬಿಸಿನೀರು ಹೊಯ್ದ ಸ್ಟೀಲು ಅಂಗೈಗೆ ಚುರುಕ್ ಎನ್ನುತ್ತದೆ, ಹತ್ತು ನಿಮಿಷಕ್ಕೆ ತಣ್ಣಗಾಗುತ್ತದೆ. ಮರಕ್ಕೂ ಬಿದಿರಿಗೂ ಈ ಎರಡು ದೋಷವೂ ಇಲ್ಲ. ಅಲ್ಯೂಮಿನಿಯಮ್ಮಿನಲ್ಲಿ ಹುಳಿ ಪದಾರ್ಥ ಇಡಬಾರದೆಂದು ನಿಮಗೆ ಗೊತ್ತು. ಈ ಕಾಳು ಹುಳಿಯೇ. ಹಿತ್ತಾಳೆಯ ಮಾತೂ ಅಷ್ಟೇ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬು ಬರುವುದನ್ನು ಬಲ್ಲ ನಾವು, ಹಳೆಯ ತೋಂಗ್ಬಾ ಮಾಡಿದವನ ಬುದ್ಧಿಯನ್ನು ಮೆಚ್ಚಬೇಕು. ಅವನು ಹಿತ್ತಾಳೆಯನ್ನು ಹೊರಗೆ ಪಟ್ಟಿಯಾಗಿ ಮಾತ್ರ ಸುತ್ತಿದ. ಅದು ಅಲಂಕಾರವೂ ಹೌದು, ಮರ ಸೀಳದಂತೆ ಹಿಡಿಯುವ ಕಟ್ಟೂ ಹೌದು. ಒಳಗೆ ಬರಿಯ ಮರ. ಪ್ಲಾಸ್ಟಿಕ್ಕಿನ ಬಗ್ಗೆ ಒಂದೇ ಮಾತು: ಬಿಸಿನೀರು ಬಿದ್ದಾಗ ಅದು ತನ್ನ ವಾಸನೆಯನ್ನೂ ಬಡಿಸುತ್ತದೆ. ಪ್ಲಾಸ್ಟಿಕ್ ಸ್ಟ್ರಾಗಳನ್ನು ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಯಿತು. ಬಿದಿರಿನ ಕೊಳವೆಗೆ ಆ ಚಿಂತೆ ಎಂದೂ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಪ್ರವಾಸಿಗಳಿಗೆ ಮಾರುವ ತೋಂಗ್ಬಾದ ಮೇಲೆ. ಹೊರಗೆ ಡ್ರ್ಯಾಗನ್ನು, ಕೆಂಪು ಹಸಿರು ಬಣ್ಣ. ಒಳಗೆ ಬಗ್ಗಿ ನೋಡಿದರೆ ಅಲ್ಲಿಗೂ ವಾರ್ನಿಷ್ ಬಳಿದಿದ್ದಾರೆ! ನಮ್ಮ ನಾದಿನಿಗೆ ಕೊಟ್ಟಿದ್ದರಲ್ಲಿ ಅವಳು ಸಂಭ್ರಮದಿಂದ ಬಿಸಿನೀರು ಹೊಯ್ದಾಗ ಮನೆಯೆಲ್ಲ ಹೊಸದಾಗಿ ಬಾಗಿಲಿಗೆ ಪಾಲಿಷ್ ಹೊಡೆಸಿದ ವಾಸನೆ. ಕೊಳವೆಗೆ ಸೀಳೇ ಇರಲಿಲ್ಲ, ತಳದವರೆಗೆ ಪೊಳ್ಳು. ಅದರಲ್ಲಿ ಹೀರಿದರೆ ಕಾಳು ಗಂಟಲಿಗೇ ಬರಬೇಕು. ಕುಡಿಯಲಾಗದ ಕುಡಿಯುವ ಪಾತ್ರೆಯನ್ನು ಮಾಡುವುದಕ್ಕಿಂತ ಒಂದು ಮರದ ಗೊಂಬೆ ಮಾಡಬಾರದೇ?

ಪಾತ್ರೆಗೆ ಇಷ್ಟೆಲ್ಲ ಮಹತ್ವ ಕೊಡಬೇಕೇ ಎಂದು ನಿಮಗೆ ಅನ್ನಿಸಿದರೆ, ನಮ್ಮ ಕರ್ನಾಟಕದ ಸಾರಾಯಿ ಪ್ಯಾಕೆಟ್ಟನ್ನು ನೆನಪಿಸಿಕೊಳ್ಳಿ. ಅದೂ ಒಂದು ಕುಡಿಯುವ ಪಾತ್ರೆಯೇ. ಹಲ್ಲಿನಿಂದ ಮೂಲೆ ಕಚ್ಚಿ ಹರಿದು, ಅಂಗಡಿಯ ಮುಂದೆ ನಿಂತಲ್ಲೇ ಬಾಯಿಗೆ ಹಿಂಡಿಕೊಂಡು, ಅಲ್ಲೇ ಎಸೆದು ಹೋಗುವಂಥದು. ಅದಕ್ಕೆ ಮನೆ ಬೇಡ, ಜೊತೆ ಬೇಡ, ಕೂರುವುದೂ ಬೇಡ. ಕೂಲಿಯ ದುಡ್ಡು ಮನೆ ಮುಟ್ಟುವ ಮೊದಲೇ ಮುಗಿಸಲು ಅದಕ್ಕಿಂತ ಒಪ್ಪುವ ಪಾತ್ರೆಯನ್ನು ಯಾರೂ ಕಂಡುಹಿಡಿಯಲಾರರು. 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಗುವವರೆಗೆ ಎಷ್ಟು ಹೆಂಗಸರು ಬೀದಿಯಲ್ಲಿ ಬಿದ್ದ ಆ ಖಾಲಿ ಪ್ಯಾಕೆಟ್ಟುಗಳನ್ನು ನೋಡಿಕೊಂಡು ಕೆಲಸಕ್ಕೆ ಹೋಗಲಿಲ್ಲ! ತೋಂಗ್ಬಾದಲ್ಲಿ ಕುಡಿದು ಕೆಟ್ಟವರಿಲ್ಲ ಎಂದು ನಾನು ಹೇಳುವುದಿಲ್ಲ. ಇದ್ದಾರೆ, ನೋಡಿದ್ದೇನೆ. ಆದರೆ ತೋಂಗ್ಬಾವನ್ನು ನಿಂತು ಕುಡಿಯಲಾಗದು, ಗಟಗಟ ಕುಡಿಯಲಾಗದು. ನೀರು ಹೊಯ್ಯಬೇಕು, ಕಾಯಬೇಕು, ಬಿಸಿಯಾದ್ದರಿಂದ ಸಣ್ಣಗೆ ಹೀರಬೇಕು. ಕುಡಿಯುವವನ ಅವಸರಕ್ಕೆ ಪಾತ್ರೆಯೇ ಕಡಿವಾಣ.

ಇನ್ನೊಂದು ಗುಣವನ್ನು ಗಂಡಸರು ಯಾರೂ ಗಮನಿಸಿದ್ದನ್ನು ನಾನು ಕಾಣೆ. ನಮ್ಮ ಮನೆಗೆ ನಾಲ್ಕು ಜನ ಬಂದರೆ ನಾನು ಕುಳಿತದ್ದುಂಟೇ? ಕಾಫಿ ಕೊಡಬೇಕು, ಲೋಟ ತೆಗೆಯಬೇಕು, ಇನ್ನೊಂದು ಸುತ್ತು ಬೇಕೇ ಎಂದು ಬಾಗಿಲಲ್ಲಿ ನಿಂತು ಕೇಳಬೇಕು. ದೀದಿ ಎಲ್ಲರ ಮುಂದೆ ತೋಂಗ್ಬಾ ಇಟ್ಟು, ನಡುವೆ ಒಂದು ದೊಡ್ಡ ಬಿಸಿನೀರಿನ ಫ್ಲಾಸ್ಕು ಇಟ್ಟು, ತಾವೂ ಒಂದು ತೋಂಗ್ಬಾ ಹಿಡಿದು ಕೂತುಬಿಡುತ್ತಿದ್ದರು. ಬೇಕಾದವರು ಬೇಕಾದಾಗ ನೀರು ಹೊಯ್ದುಕೊಳ್ಳುತ್ತಾರೆ. ವಾರಗಟ್ಟಲೆ ದುಡಿದು ಮಾಡಿದವಳು ಆ ಸಂಜೆ ಮಾತಿನ ನಡುವೆ ಇರುತ್ತಾಳೆ, ಅಡಿಗೆಮನೆಯ ಹೊಸ್ತಿಲಲ್ಲಲ್ಲ. ಗಾಜಿನ ಲೋಟದ ದಿನ ದೀದಿ ಒಂದು ನಿಮಿಷವೂ ಕೂರಲಿಲ್ಲ. ಹಿಸುಕುವುದು, ಸೋಸುವುದು, ತಂದಿಡುವುದು, ಇದರಲ್ಲೇ ಸಂಜೆ ಕಳೆಯಿತು.

ದೋಷಗಳಿಲ್ಲವೇ? ಧಾರಾಳವಾಗಿವೆ. ಎಷ್ಟು ಕುಡಿದೆವೆಂದು ಲೆಕ್ಕ ಸಿಗುವುದಿಲ್ಲ. ನೀರು ಹೊಯ್ದ ಹಾಗೆಲ್ಲ ಪಾತ್ರೆ ತುಂಬಿಯೇ ಕಾಣುತ್ತದೆ. ಅಕ್ಷಯಪಾತ್ರೆ ಎಂದು ನಂಬಿ ಕೂತವರು ಏಳುವಾಗ ಗೋಡೆ ಹಿಡಿಯುತ್ತಾರೆ. ಒಳಗೆ ಕೈ ಹೋಗುವುದಿಲ್ಲವಾಗಿ ತೊಳೆಯುವುದು ಕಷ್ಟ. ಒದ್ದೆಯಾಗಿ ಮುಚ್ಚಳ ಹಾಕಿಟ್ಟರೆ ಬೂಷ್ಟು. ತೀರಾ ಒಣಗಿಸಿ ಬಿಸಿಲಿಗಿಟ್ಟರೆ ಬಿರುಕು. ಬಿದಿರಿನದು ನಾಲ್ಕಾರು ವರ್ಷಕ್ಕೆ ಸೋರಲು ತೊಡಗುತ್ತದೆ, ಹೊಸದು ತರಬೇಕು. ಮರದ್ದು ಬಾಳಿಕೆ ಬರುತ್ತದೆ, ಬೆಲೆ ಹೆಚ್ಚು.

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರಾಗಿಗೆ ಎಲ್ಲಿಲ್ಲದ ಮರ್ಯಾದೆ ಬಂದಿದೆ. ನಮ್ಮ ಹುಡುಗರು ಸಿಕ್ಕಿಂ ಪ್ರವಾಸಕ್ಕೆ ಹೊರಟರೆ ತೋಂಗ್ಬಾ ತರುತ್ತೇವೆ ಎನ್ನುತ್ತಾರೆ. ತರುವವರಿಗೆ ಹೇಳುತ್ತೇನೆ: ಬಣ್ಣದ್ದು ಬೇಡ. ಬಜಾರಿನ ಒಳಗೆ, ಬುಟ್ಟಿ ಮೊರ ಮಾರುವವರ ಹತ್ತಿರ ಹೋಗಿ. ಬರಿ ಬಿದಿರಿನದನ್ನು ಎತ್ತಿ ಮೂಸಿ ನೋಡಿ, ಬಿದಿರಿನ ವಾಸನೆ ಬಿಟ್ಟು ಬೇರೇನೂ ಇರಬಾರದು. ನೀರು ತುಂಬಿಸಿ ಐದು ನಿಮಿಷ ಅಂಗಡಿಯಲ್ಲೇ ನಿಲ್ಲಿ, ತಳ ಸೋರುತ್ತದೆಯೇ ಗೊತ್ತಾಗುತ್ತದೆ. ಮುಚ್ಚಳ ತಿರುಗಿಸಿದರೆ ಬಿಗಿಯಾಗಿ ಕೂರಬೇಕು. ಕೊಳವೆಯ ತುದಿಯಲ್ಲಿ ಗಿಣ್ಣು ಇದೆಯೇ, ಅದರ ಮೇಲೆ ಸೀಳು ಇದೆಯೇ ಬೆರಳಾಡಿಸಿ ನೋಡಿ. ರಾಗಿಕಾಳಿಗಿಂತ ಸೀಳು ಸಣ್ಣದಿರಬೇಕು. ತಂದ ಮೇಲೆ ಸೋಪು ಹಾಕಬೇಡಿ, ಬಿದಿರು ಅದನ್ನು ಕುಡಿದುಬಿಡುತ್ತದೆ, ಬಿಸಿನೀರು ಸಾಕು. ಬೋರಲು ಹಾಕಿ ನೆರಳಿನಲ್ಲಿ ಒಣಗಿಸಿ. ಕೊಳವೆ ಮಾತ್ರ ಎರಡೆರಡು ತನ್ನಿ. ಒಂದಂತೂ ಸೀಳಿಯೇ ಸೀಳುತ್ತದೆ.